ಚಿಕ್ಕಜಾಲದಲ್ಲಿ ತುಕ್ಕು ಬಿಡಿಸಿದ ವ್ಯಾನ್

ಚಿಕ್ಕಜಾಲದ ಗಾಡಿಗಳ ತಗಡು ತಿದ್ದುವ ಆ ಟಿಂಕರಿಂಗ್ ಶೆಡ್ ಮಣಿಕಂಠನದು ಎಂದು ಮೊದಲೇ ಗೊತ್ತಿದ್ದರೆ ಧನಲಕ್ಷ್ಮಿ ಅಲ್ಲಿಗೆ ಬರುತ್ತಲೇ ಇರಲಿಲ್ಲ. ವ್ಯಾನಿನಿಂದ ಇಳಿದಾಗ ಎದುರಿಗೆ ಅವನೇ ನಿಂತಿದ್ದ. ಕೈಯಲ್ಲಿ ಸುತ್ತಿಗೆ, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು.

ಆರು ವರ್ಷದ ಹಿಂದೆ, ಇಬ್ಬರ ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ, ಅವನ ಅಣ್ಣ ಮುನಿಆಂಜಿನಪ್ಪ ಯಲಹಂಕದ ಅವಳ ಮನೆಗೆ ಬಂದು, “ಹುಡುಗೀಗೆ ಬಾಯಿ ಜಾಸ್ತಿ, ನಮಗೆ ಬ್ಯಾಡ,” ಎಂದು ಹೇಳಿ ಹೋಗಿದ್ದ. ಮಣಿಕಂಠ ಒಂದು ಫೋನೂ ಮಾಡಿರಲಿಲ್ಲ.

“ಇಲ್ಲಿ ಬೇರೆ ಯಾರೂ ಕೆಲಸ ಮಾಡಲ್ವಾ?” ಎಂದಳು.

“ಇಲ್ಲ. ನಾನೊಬ್ಬನೇ.”

“ನನ್ನ ಗ್ರಹಚಾರ.”

ಒಳಗೆ ಹಾಸಿಗೆ, ಪುಟ್ಟ ಒಲೆ ಇದ್ದ, ಎಪ್ಪತ್ತರ ದಶಕದ ಕ್ಯಾಂಪರ್ ವ್ಯಾನ್ ಅದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಧನಲಕ್ಷ್ಮಿ, ರಜೆಯಲ್ಲಿ ಒಬ್ಬಳೇ ಊರೂರು ಸುತ್ತಲೆಂದು ಕೊಂಡಿದ್ದಳು. ಅಷ್ಟು ಹಳೆಯ ಬಾಡಿ ಮುಟ್ಟಲು ಬೇರೆ ಯಾವ ಗ್ಯಾರೇಜಿನವರೂ ಒಪ್ಪಿರಲಿಲ್ಲ.

ಮಣಿಕಂಠ ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು.

“ತುಕ್ಕು ಪೂರ್ತಿ ತಿಂದುಬಿಟ್ಟಿದೆ. ಕತ್ತರಿಸಿ ಹೊಸ ತಗಡು ಕೂರಿಸ್ಬೇಕು. ಎರಡು ತಿಂಗಳು ಹಿಡಿಯುತ್ತೆ.”

“ಪುಟ್ಟಿ ಮೆತ್ತಿ ಪೇಂಟ್ ಹೊಡೆದು ಕಳಿಸ್ತೀರಿ ಅಂದ್ಕೊಂಡೆ. ಒಳಗಿನ ಟೊಳ್ಳು ಮುಚ್ಚೋದು ನಿಮಗೆ ಚೆನ್ನಾಗಿ ಬರುತ್ತಲ್ಲ.”

ಅವನ ಕಿವಿ ಕೆಂಪಾಯಿತು. ನೋಡಿ ಅವಳಿಗೆ ಹಿತವೆನಿಸಿತು.

ಪ್ರತಿ ಭಾನುವಾರ ಅವಳು ಅಯಸ್ಕಾಂತ ಹಿಡಿದು ಬರತೊಡಗಿದಳು. ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಅವನು ಬೆಸೆದ ಕಡೆಯೆಲ್ಲ ಅಂಟಿತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ತಗಡಿನ ಅಂಚನ್ನು ಅವನು ಅಂಗೈಯಿಂದ ಮೆಲ್ಲಗೆ ಸವರಿ ನೋಡುವಾಗ, ಬೇಡವೆಂದರೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಏನ್ ನೋಡ್ತಿದ್ದೀರಿ?”

“ತಗಡಿನ ಮುಂದೆ ಎಷ್ಟು ಧೈರ್ಯ ನಿಮಗೆ ಅಂತ.”

ಅವನು ಕೆಲಸ ನಿಲ್ಲಿಸಿದ. “ಅಣ್ಣನಿಗೆ ಹೆದರಿದೆ. ಬೇರೆ ಕಾರಣ ಇಲ್ಲ. ಆವತ್ತಿಂದ ನನ್ನ ಮುಖ ನನಗೇ ಸೇರಲ್ಲ.”

“ನನಗೂ ಸೇರಲ್ಲ,” ಎಂದಳು. ಆದರೂ ಆ ದಿನ ಅವನು ತರಿಸಿದ ಟೀ ಕುಡಿದಳು.

ವ್ಯಾನ್ ಸಿದ್ಧವಾದ ಭಾನುವಾರ ಮುನಿಆಂಜಿನಪ್ಪ ಶೆಡ್ಡಿಗೆ ಬಂದ. ಅವಳನ್ನು ಮೇಲಿಂದ ಕೆಳಗೆ ನೋಡಿ ತಮ್ಮನಿಗೆ ಹೇಳಿದ: “ಈಯಮ್ಮನ ಗಾಡಿ ಇನ್ನೂ ಇಲ್ಲೇ ಐತಾ? ಇಂಗೆ ವಾರವಾರ ಬಂದು ಕುಂತ್ರೆ ಜನ ಏನಂದಾರು? ಆಚೆ ತಳ್ಳು.”

ಮಣಿಕಂಠ ಪಾಲಿಶ್ ಬಟ್ಟೆ ಕೆಳಗಿಟ್ಟ. ಅಣ್ಣನ ಎದುರಿಗೆ ಬಂದು ನಿಂತ.

“ಅಣ್ಣ, ನಾನು ಮದುವೆ ಆಗ್ಬೇಕಿದ್ದೋರು ಇವರು. ಒಪ್ಪಿದ್ರೆ ಈಗ್ಲೂ ಆಗ್ತೀನಿ. ಒಪ್ಪದಿದ್ರೆ ಅದು ಅವರಿಷ್ಟ. ನನ್ನ ಪರವಾಗಿ ನೀನಿನ್ನು ಮಾತಾಡ್ಬೇಡ. ಮರ್ಯಾದೆ ಕೊಡೋಕಾಗಲ್ಲ ಅಂದ್ರೆ ಹೊರಡು.”

ಮುನಿಆಂಜಿನಪ್ಪ ಇಬ್ಬರನ್ನೂ ದಿಟ್ಟಿಸಿದ. ಕ್ಯಾಕರಿಸಿ ಉಗುಳಿ ಬೈಕ್ ಹತ್ತಿ ಹೋದ.

“ಇಷ್ಟು ಹೇಳೋಕೆ ಆರು ವರ್ಷ ಬೇಕಾಯ್ತಾ?” ಎಂದಳು ಧನಲಕ್ಷ್ಮಿ.

“ಬೇಕಾಯ್ತು.”

“ನಾಚಿಕೆಗೇಡು.”

ಅವಳು ವ್ಯಾನ್ ಹತ್ತಿ ಸ್ಟಾರ್ಟ್ ಮಾಡಿದಳು. ಅವನು ಕಿಟಕಿಯ ಬಳಿ ಬಂದು ನಿಂತ.

ಅವಳು ಗೇರ್ ಹಾಕಿ, ರಸ್ತೆಯನ್ನೇ ನೋಡುತ್ತಾ ಹೇಳಿದಳು: “ನಾಳೆ ಸಂಜೆ ಮನೆಗೆ ಬನ್ನಿ. ಅಮ್ಮನ್ನ ನೀವೇ ಕೇಳ್ಬೇಕು. ಒಬ್ಬರೇ ಬನ್ನಿ.”