ಮಂಗಳವಾರ ಮಾತ್ರ ತೆರೆಯುವ ಬಾಗಿಲು

"ನೀವು... ಈರಣ್ಣೋರ ಮಗಳು ದಾನೇಶ್ವರಿ ಅಲ್ರಿ?"

ಆ ದನಿಗೆ ದಾನೇಶ್ವರಿ ಬೆಚ್ಚಿ ತಲೆಯೆತ್ತಿದಳು. ಓಢಣಿಯಲ್ಲಿ ಮುಖವೆಲ್ಲ ಮುಚ್ಚಿ, ಕಣ್ಣಷ್ಟೇ ಬಿಟ್ಟುಕೊಂಡು ಕೂತಿದ್ದರೂ ಗುರುತು ಹಿಡಿದುಬಿಟ್ಟನಲ್ಲ...

ಅವನು ಚೇತನ. ಹೋದ ವಾರವಷ್ಟೇ ಬೆಳಗಾವಿಯ ರಾಮತೀರ್ಥ ನಗರದಿಂದ ಅವಳನ್ನು ನೋಡಲು ಬಂದಿದ್ದ ಹುಡುಗ. ದೊಡ್ಡವರೆಲ್ಲ ಮಾತಿನಲ್ಲಿ ಮುಳುಗಿದ್ದಾಗ ಅವನೊಬ್ಬನೇ, "ನೀವೂ ಕುಂದರ್ರಿ, ಎಷ್ಟೊತ್ತು ನಿಂದರ್ತೀರಿ" ಅಂದಿದ್ದ. ಆ ಒಂದು ಮಾತನ್ನು ಅವಳು ವಾರವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದಳು.

ಅವನ ಮನೆಯವರ ಉತ್ತರ ಇನ್ನೂ ಬಂದಿರಲಿಲ್ಲ. ಅಂಥವನು ಈಗ ಅವಳೂರು ಖಾನಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ, ಅದೂ 'ಮಾನಸಿಕ ಆರೋಗ್ಯ' ಎಂದು ಬರೆದ ಬಾಗಿಲ ಮುಂದೆಯೇ ಸಿಗಬೇಕೇ?

"ನಮ್ಮತ್ತಿ ಸಲುವಾಗಿ ಬಂದೀನ್ರಿ," ಬಾಯಿಗೆ ಬಂದ ಸುಳ್ಳು ಹೇಳಿದಳು. "ಅವರಿಗೆ ಆರಾಮಿಲ್ಲ."

"ಹೌದೇನ್ರಿ... ನಾನೂ ನಮ್ಮ ಕಾಕಾನ ಸಲುವಾಗಿ."

ಬೆಂಚಿನ ಮೇಲೆ ಅತ್ತೆಯೂ ಇರಲಿಲ್ಲ, ಕಾಕಾನೂ ಇರಲಿಲ್ಲ. ಗಾಬರಿಯಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ.

'ಹುಡುಗಿಗೆ ತಲಿ ಸರಿ ಇಲ್ಲಂತ ಇವ ಮನ್ಯಾಗ ಹೇಳಿದ್ರ?'

ತನ್ನ ಸರದಿ ಬರುವ ಮೊದಲೇ ಎದ್ದಳು. ಹಿಂದೆ ತಿರುಗಿ ನೋಡದೆ ಗೇಟು ದಾಟಿದಳು.

ಅವ್ವ ಚಂದ್ರವ್ವ ತೀರಿಕೊಂಡ ಮೇಲೆ ದಾನೇಶ್ವರಿಗೆ ನಿದ್ದೆ ಇಲ್ಲ. ಅಡುಗೆಮನೆಯಲ್ಲಿ ನಿಂತರೆ ಯಾಕೆ ಬಂದೆ ಎಂಬುದೇ ಮರೆತುಹೋಗುತ್ತದೆ. ಅಪ್ಪನಿಗೆ ಗೊತ್ತಿರುವುದು ಒಂದೇ ಮಾತು. "ಲಗ್ನಾದ್ರ ಎಲ್ಲಾ ಆರಾಮಾಗ್ತೈತಿ ತಗೋ." ಅಷ್ಟು ಹೇಳಿ ಟಿವಿ ಕಡೆ ತಿರುಗುತ್ತಾನೆ. ಅವನಿಗೂ ಅಳು ಬರುತ್ತದೋ ಏನೋ, ಅವಳು ಕೇಳಿಲ್ಲ.

ಊರಲ್ಲಿ ಯಾರಾದರೂ ನೋಡಿಯಾರೆಂದು ಮೊದಲು ಬೆಳಗಾವಿಗೆ, ಟಿಳಕವಾಡಿಯ ಖಾಸಗಿ ಕೌನ್ಸೆಲರ್ ಹತ್ತಿರ ಹೋಗಿದ್ದಳು. ಫೀಸು ಕೇಳಿ ಮೆಟ್ಟಿಲಿಂದಲೇ ವಾಪಸು ಬಂದಳು. ಆಮೇಲೆ ಉಚಿತ ಸಹಾಯವಾಣಿಗೆ ಫೋನ್ ಮಾಡಿದಾಗ ಆ ಕಡೆಯ ಹೆಣ್ಣುಮಗಳು ಮೆಲ್ಲಗೆ ಹೇಳಿದ್ದಳು, "ದೂರ ಯಾಕ್ರಿ? ನಿಮ್ಮ ತಾಲೂಕ ದವಾಖಾನಿಗೇ ಮಂಗಳವಾರಕ್ಕೊಮ್ಮೆ ಆಪ್ತಸಮಾಲೋಚಕರು ಬರ್ತಾರ. ರೊಕ್ಕ ಕೊಡೂದಿಲ್ಲ."

ಧೈರ್ಯ ಮಾಡಿ ಹೋದ ಮೊದಲ ದಿನವೇ ಹೀಗಾಯಿತು.

ಮರುದಿನ ಅಪ್ಪನ ಮೊಬೈಲಿಗೆ ಫೋನ್ ಬಂತು. ಅಪ್ಪ ಅವಳ ಮುಖ ನೋಡದೆ ಹೇಳಿದ, "ಹುಡುಗ ಬ್ಯಾಡ ಅಂದಾನಂತ."

'ಹೇಳೇಬಿಟ್ಟ...'

ಆಮೇಲೆ ಕೆಲವು ವಾರ ಅವಳು ಆಸ್ಪತ್ರೆಯ ಕಡೆ ಹೋಗಲಿಲ್ಲ. ಅಪ್ಪ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಗೋಡೆ ಗಡಿಯಾರದ್ದೊಂದೇ ಸದ್ದು. ತಡೆಯಲಾಗದಿದ್ದಾಗ ಗ್ಯಾಸ್ ಬುಕಿಂಗ್ ನಂಬರಿಗೆ ಫೋನ್ ಮಾಡುತ್ತಿದ್ದಳು. ರೆಕಾರ್ಡ್ ಆದ ಹೆಣ್ಣಿನ ದನಿ ನಮಸ್ಕಾರ ಅನ್ನುತ್ತಿತ್ತು. ಮನೆಯಲ್ಲಿ ಇನ್ನೊಂದು ಹೆಂಗಸಿನ ದನಿ... ಅಷ್ಟೇ ಸಾಕಿತ್ತು ಅವಳಿಗೆ.

ಒಂದು ಮಧ್ಯಾಹ್ನ ಆ ದನಿಗೆ, "ಅವ್ವಾ..." ಅಂದುಬಿಟ್ಟಳು.

"ನೀವು ತಪ್ಪು ಆಯ್ಕೆ ಮಾಡಿದ್ದೀರಿ," ಅಂದಿತು ಅದು.

ಫೋನ್ ಕೆಳಗಿಟ್ಟಳು. ಹೀಗೇ ಬಿಟ್ಟರೆ ತಾನು ಉಳಿಯುವುದಿಲ್ಲ ಎಂದು ಅವತ್ತು ಅನ್ನಿಸಿತು.

ಮುಂದಿನ ಮಂಗಳವಾರ ಮುಖ ಮುಚ್ಚದೆ ಆಸ್ಪತ್ರೆಗೆ ಹೋದಳು. ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ಅವರ ಓಣಿಯ ನಾಗರತ್ನಾ ಕಾಕಿ ಬಿಪಿ ಗುಳಿಗೆ ಹಿಡಿದು ಎದುರು ನಿಂತಳು.

"ಇದೇನವಾ, ಇಲ್ಲಿ ಕುಂತಿ? ಯಾರಿಗೆ ಆರಾಮಿಲ್ಲ?"

ಅತ್ತೆಯ ಹೆಸರು ನಾಲಿಗೆ ತುದಿಗೆ ಬಂತು. ನುಂಗಿದಳು.

"ನನಗರಿ, ಕಾಕಿ."

"ನಿನಗೇನಾಗೇತಿ? ಗಟ್ಟಿಮುಟ್ಟ ಅದಿ."

"ಅವ್ವ ಹೋದಾಗಿಂದ ನಿದ್ದಿ ಬರವಲ್ದು. ಬದುಕೂದ ಬ್ಯಾಸರ ಆಗೇತಿ. ಅದಕ್ಕ ಬಂದೀನಿ."

ಕಾಕಿ ಅವಳ ತಲೆ ನೇವರಿಸಿ ಹೋದಳು.

ಹಿಂದಿನ ಬೆಂಚಿನಿಂದ ಯಾರೋ ತಟ್ಟನೆ ಎದ್ದರು. ತಿರುಗಿದರೆ ಚೇತನ. ಮಾತಾಡುವಷ್ಟರಲ್ಲಿ ಒಳಗಿನಿಂದ ಆಪ್ತಸಮಾಲೋಚಕಿ ತರನ್ನುಮ್ ಮೇಡಂ ಕರೆದರು, "ದಾನೇಶ್ವರಿ, ಒಳಗ ಬರ್ರಿ."

ಮೇಡಂ ಅಳಬೇಡ ಅನ್ನಲಿಲ್ಲ. ಅವ್ವನ ಬಗ್ಗೆ ಕೇಳಿದರು. ಅವ್ವ ಹೇಗೆ ನಗುತ್ತಿದ್ದಳು ಅಂತ ಕೇಳಿದರು. ಅದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹೊರಗೆ ಬಂದಾಗ ಚೇತನ ಅಲ್ಲೇ ನಿಂತಿದ್ದ.

"ಎಲ್ಲಾರಿಗೂ ಹೇಳಿ ಆತೇನ್ರಿ, ನನಗ ಹುಚ್ಚಂತ?" ದಾನೇಶ್ವರಿ ನೇರವಾಗಿ ಕೇಳಿದಳು.

"ನಾನೇನು ಹೇಳಲಿ? ನನ್ನ ನೋಡಿ ನೀವ ಓಡಿ ಹೋದ್ರಿ. ನಾ ಪೇಶಂಟ್ ಅಂತ ಗೊತ್ತಾಗಿ ಅಂಜಿದ್ರಿ ಅಂತ ತಿಳ್ಕೊಂಡೆ. ನೀವು ಬ್ಯಾಡ ಅನ್ನೂ ಮೊದಲ ನಾನ ಅಂದೆ."

"ಮತ್ತ ಕಾಕಾ?"

"ನನಗ ಕಾಕಾನ ಇಲ್ರಿ."

ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು. "ನಮ್ಮತ್ತಿ ಹುಬ್ಬಳ್ಳ್ಯಾಗ ಆರಾಮ ಅದಾಳ್ರಿ."

"ಬೆಳಗಾವ್ಯಾಗ ಗುರ್ತಿನವ್ರು ನೋಡ್ತಾರಂತ ನಿಮ್ಮೂರಿಗೆ ಬರ್ತಿದ್ದೆ."

"ನಾನೂ ಅದಕ್ಕ ಮೊದಲ ನಿಮ್ಮೂರಿಗೆ ಹೋಗಿದ್ದೆ."

ಅವನು ಕೈಬೆರಳು ನೋಡಿಕೊಂಡ. "ಒಮ್ಮೊಮ್ಮೆ ನಮ್ಮ ಅಂಗಡ್ಯಾಗ ಗಿರಾಕಿ ಮುಂದನ ಉಸಿರು ಕಟ್ಟಿದಂಗ ಆಗ್ತೈತ್ರಿ. ಈಗ ಕಡಿಮಿ ಆಗೇತಿ, ಪೂರಾ ಹೋಗಿಲ್ಲ. ಇದನ್ನ ಕೇಳಿ ನೀವು ಬ್ಯಾಡ ಅಂದ್ರೂ ನನಗ ಸಿಟ್ಟಿಲ್ಲ. ಆದ್ರ... ನೀವಂದ್ರ ನನಗ ಭಾಳ ಇಷ್ಟ."

"ನಾ ಸುಮ್ ಸುಮ್ನ ಅಳ್ತೀನ್ರಿ."

"ಅಳ್ರಿ. ಬಾಜೂ ಕುಂದರ್ತೀನಿ."

ಅವಳು ಬೆಂಚಿನ ಮೇಲೆ ಅವನಿಗೂ ಜಾಗ ಬಿಟ್ಟು ಕೂತಳು.

"ಮನ್ಯಾಗ ಏನ್ ಹೇಳೂಣು?"

"ಖರೇ ಇದ್ದದ್ದ. ಇಬ್ಬರದೂ."

"ಒಪ್ಪಲಿಲ್ಲಂದ್ರ?"

"ಮತ್ತೊಮ್ಮೆ ಹೇಳೂಣು."

"ಇಬ್ಬರೂ ಕೂಡಿ?"

"ಇಬ್ಬರೂ ಕೂಡಿ."