ಹಿಲೇರಿಯಸ್ ಅಂದ್ರೆ ಏನು?

“ಇನ್ನೊಂದ್ಸಲ ಓದವ್ವ,” ಅಂದ ಅಪ್ಪ.

ಮೇಘನ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಮೂರನೇ ಸಲ ಓದಿದಳು. “ಮೈ ಫಾದರ್ ಆಕ್ಟೆಡ್ ಇನ್ ಎ ಡ್ರಾಮಾ. ಹಿ ವಾಸ್ ಹಿಲೇರಿಯಸ್. ಐ ರೆಕಮೆಂಡ್ ಇಟ್.” ಕೆಳಗೆ ಮಿಸ್ ಹಾಕಿದ ಕೆಂಪು ಸ್ಟಾರ್ ಇತ್ತು. ಅಪ್ಪ ಪುಟ್ಟರಾಜು ಅದನ್ನು ಬೆರಳಲ್ಲಿ ಮೆಲ್ಲಗೆ ಸವರಿದ.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದರ ಅರ್ಥ ಕೇಳಿದ. ರೆಕಮೆಂಡ್ ಅಂದರೆ ‘ನೀವೂ ನೋಡಿ’ ಅಂತ ಹೇಳುವುದು ಅಂದಳು ಮೇಘನ. ಮತ್ತೆ ಹಿಲೇರಿಯಸ್?

ಅವಳು ನೋಟ್‌ಬುಕ್ ಮುಚ್ಚಿದಳು. “ಬೋ ಚೆನ್ನಾಗಿ ಮಾಡ್ದ ಅಂತ,” ಅಂದುಬಿಟ್ಟಳು.

ಅದು ಸುಳ್ಳು. ಸಿನಿಮಾ, ನಾಟಕ, ಸರ್ಕಸ್ಸು ಹೇಗಿತ್ತು ಅಂತ ಹೇಳುವ ಪದಗಳನ್ನು ಮಿಸ್ ಬೋರ್ಡ್ ಮೇಲೆ ಬರೆದಿದ್ದರು. ಎಕ್ಸೈಟಿಂಗ್, ಬೋರಿಂಗ್, ಸ್ಕೇರಿ. ಹಿಲೇರಿಯಸ್ ಅಂದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುವಂಥದ್ದು. ನೀವು ನೋಡಿದ್ದೊಂದರ ಬಗ್ಗೆ ಬರೆಯಿರಿ ಅಂದಿದ್ದರು. ಎಲ್ಲರೂ ಸಿನಿಮಾ ಬಗ್ಗೆ ಬರೆದರು. ಮೇಘನ ಊರಿನ ನಾಟಕದ ಬಗ್ಗೆ ಬರೆದಳು.

ಆ ನಾಟಕದಲ್ಲಿ ಅಪ್ಪನದು ರಾಜನ ಪಾರ್ಟು. ಪಾಂಡವಪುರದಿಂದ ಬಾಡಿಗೆಗೆ ತಂದ ಕಿರೀಟ ಇಟ್ಟುಕೊಂಡು, ಯುದ್ಧಕ್ಕೆ ಹೊರಡುವ ಮುಂಚೆ ತಾಯಿಯ ಕಾಲಿಗೆ ಬೀಳಬೇಕು. “ತಾಯೇ, ನಾನು ಮರಳಿ ಬಾರದಿದ್ದರೆ…” ಅಷ್ಟು ಹೇಳಿದವನು ಹಾಗೇ ನಿಂತುಬಿಟ್ಟ. ತೆರೆದ ಬಾಯಿ ತೆರೆದೇ ಇತ್ತು. ಪರದೆ ಪಕ್ಕದಿಂದ ಡ್ರಾಮಾ ಮೇಷ್ಟ್ರು ಪಿಸುಗುಟ್ಟಿ ಪಿಸುಗುಟ್ಟಿ, ಕೊನೆಗೆ ಕೂಗಿಯೇ ಮಾತು ನೆನಪಿಸಿದರು. ಜನರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಕ್ಲಾಸಿನಲ್ಲಿ ಮೇಘನ ಅಪ್ಪನ ಹಾಗೆ ಬಾಯಿ ಬಿಟ್ಟು ನಿಂತು ತೋರಿಸಿದಾಗ ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಅವಳಿಗೂ ಖುಷಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಅಪ್ಪನ ಜೊತೆ ಅವಳೂ ಡೈರಿಗೆ ಹೋದಳು. ಸೆಕ್ರೆಟರಿ ಶಿವಶಂಕರ್ ಹಾಲು ಅಳೆದು ಬರೆದುಕೊಳ್ಳುತ್ತಿದ್ದರು. ಅವರು ಕೆ.ಆರ್. ಪೇಟೆಯಲ್ಲಿ ಬಿ.ಎ. ಓದಿದವರು.

“ನಮ್ ಮಗ್ಳು ಇಂಗ್ಲೀಸ್ನಲ್ಲಿ ಬರ್ದವ್ಳೆ ಸಾರ್,” ಅಂದ ಅಪ್ಪ. “ನಾನು ಇಲೇರಿಯಸ್ಸಂತೆ.”

ಶಿವಶಂಕರ್ ಅವರ ಪೆನ್ನು ನಿಂತಿತು. ಅವರು ಮೇಘನಳನ್ನು ನೋಡಿದರು. ಅವಳು ತನ್ನ ಚಪ್ಪಲಿ ನೋಡಿಕೊಂಡಳು. “ಒಳ್ಳೇದಾಯ್ತು ಬುಡಿ ಪುಟ್ರಾಜಣ್ಣ,” ಅಂದರು ಅಷ್ಟೇ. ಅವರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ. ಅಪ್ಪ ಆಗಲೇ ಸಾಲಿನಲ್ಲಿ ಹಿಂದೆ ನಿಂತಿದ್ದ ನಂಜಪ್ಪನಿಗೂ ಅದನ್ನೇ ಹೇಳುತ್ತಿದ್ದ.

ವಾಪಸ್ ಬರುವಾಗ ಕಾಲುವೆ ಏರಿಯ ಮೇಲೆ ಮೇಘನ ಹಿಂದೆ ಉಳಿದಳು. ಅಪ್ಪ ತಿರುಗಿ ನೋಡಿದ.

“ಅಪ್ಪ, ಅದು ಚೆನ್ನಾಗ್ ಮಾಡ್ದೆ ಅಂತಲ್ಲ. ನಗು ಬರೋ ಅಂಗೆ ಮಾಡ್ದೆ ಅಂತ. ನೀನು ಮಾತು ಮರ್ತೋಗಿದ್ದಕ್ಕೆ ಅಂಗ್ ಬರ್ದೆ ನಾನು.”

ಅಪ್ಪ ಖಾಲಿ ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಬೈಯಲಿಲ್ಲ. ಮುಂದೆ ನಡೆದ.

“ನಾನು ಮರ್ತಿರ್ಲಿಲ್ಲ ಕಣವ್ವ,” ಅಂದ ಆಮೇಲೆ. “ನಿಮ್ಮಜ್ಜಿ ಮುಂದ್ಗಡೆನೇ ಕುಂತಿತ್ತು. ಮಾತು ಆಡ್ತಾ ಅದ್ರ ಮೊಕ ನೋಡ್ಬುಟ್ಟೆ.”

ಅಪ್ಪನ ಅಣ್ಣ ಕೃಷ್ಣ ಮಿಲಿಟರಿಗೆ ಹೊರಟ ದಿನ ಹಾಗೆಯೇ ಅಜ್ಜಿಯ ಕಾಲಿಗೆ ಬಿದ್ದು ಹೋಗಿದ್ದನಂತೆ. ಹೋದವನು ಮತ್ತೆ ಬರಲೇ ಇಲ್ಲ. ಮೇಘನಳಿಗೆ ಆ ದೊಡ್ಡಪ್ಪ ಗೊತ್ತಿದ್ದದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ.

ಅವಳಿಗೆ ನಾಟಕದ ದಿನದ ಅಜ್ಜಿ ನೆನಪಾದಳು. ಎಲ್ಲರೂ ನಗುವಾಗ ಅಜ್ಜಿ ಚಿಕ್ಕಬೋರಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಭುಜ ಅಲುಗಾಡುತ್ತಿತ್ತು. ಅಜ್ಜಿಯೂ ನಗುತ್ತಿದ್ದಾಳೆ ಅಂದುಕೊಂಡಿದ್ದಳು ಮೇಘನ.

“ಆ ಮಾತು ಪೂರ್ತಿ ಏಳಪ್ಪ,” ಅಂದಳು.

ಅಪ್ಪ ಸುತ್ತ ನೋಡಿದ. ಕಬ್ಬಿನ ಗದ್ದೆಗಳಲ್ಲಿ ಯಾರೂ ಇರಲಿಲ್ಲ. ಕ್ಯಾನು ಕೆಳಗಿಟ್ಟು ನೆಟ್ಟಗೆ ನಿಂತ.

“ತಾಯೇ, ನಾನು ಮರಳಿ ಬಾರದಿದ್ದರೆ…”

ಅಷ್ಟಕ್ಕೇ ಮತ್ತೆ ಹಾಗೇ ನಿಂತುಬಿಟ್ಟ. ಮೇಘನ ನಗಲಿಲ್ಲ. ಅಪ್ಪನ ಪಕ್ಕ ಬಂದು ನಿಂತು, ಕಾದಳು.