ಖಾಲಿ ಸೀಟಿನ ಬೆಲ್ಟ್

"ಅವರು ಬಾಯೇ ಬಿಡ್ತಾ ಇಲ್ಲಮ್ಮ. ಪೊಲೀಸರ ಹತ್ರಾನೂ ಇಲ್ಲ, ನನ್ನ ಹತ್ರಾನೂ ಇಲ್ಲ."

ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿಗಿದ್ದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಆಡಿದ ಮಾತು ಇದು. ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅವಳ ಗಂಡ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದ. ಎಲ್ಲರೂ ಅವನನ್ನು ತಂತಿ ಎಂದೇ ಕರೆಯುತ್ತಿದ್ದರು. ಮೈಯೂ ಹಾಗೇ, ಮಾತೂ ಹಾಗೇ, ಸಣ್ಣದು.

ನನ್ನ ಸೋದರತ್ತೆ ಕಾಫಿ ಲೋಟವನ್ನು ಅವಳ ಕೈಗೆ ಕೊಟ್ಟು ಎದುರಿಗೆ ಕೂತರು. ಅಪಘಾತವಾದ ಕಾರುಗಳನ್ನು ನೋಡಿ ವಿಮಾ ಕಂಪನಿಗೆ ವರದಿ ಕೊಡುವುದು ಅವರ ವೃತ್ತಿಯಾಗಿತ್ತು. ನಿವೃತ್ತಿಯಾದ ಮೇಲೂ ಇಂಥವರು ಬಾಗಿಲು ಬಡಿಯುವುದು ನಿಂತಿರಲಿಲ್ಲ. ನಾನು ಡಿಗ್ರಿ ಮುಗಿಸಿ, ಮುಂದೇನೆಂದು ತೋಚದೆ ಅವರ ಮನೆಯಲ್ಲಿ ಉಳಿದವನು. ಅವರ ಕಾರು ಓಡಿಸುತ್ತಿದ್ದೆ, ಅವರು ಸುಮ್ಮನಿದ್ದಾಗ ನಾನೂ ಸುಮ್ಮನಿರುತ್ತಿದ್ದೆ. ಎರಡನೆಯ ಗುಣಕ್ಕೇ ಅವರು ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ಎಷ್ಟೋ ಸಲ ಅನಿಸಿದೆ.

ನಡೆದದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ ಸೂಪರ್ ಮಾರ್ಕೆಟ್‌ನ ಎದುರು ಕೆಂಪು ಸ್ಪೋರ್ಟ್ಸ್ ಕಾರೊಂದು ಸೈಕಲ್ ಮೇಲಿದ್ದ ಅಂಚೆಯವನಿಗೆ ಗುದ್ದಿ ನಿಲ್ಲದೆ ಹೋಗಿತ್ತು. ಊರಲ್ಲಿ ಅಂಥ ಕಾರು ಇದ್ದದ್ದು ಒಂದೇ, ಹೆಂಚಿನ ಕಾರ್ಖಾನೆಯ ಯಜಮಾನಿಯದು. ಪೊಲೀಸರಿಗೆ ಅದು ಸಿಕ್ಕಿದ್ದು ತಂತಿಯ ಶೆಡ್ಡಿನ ಮುಂದೆ, ಹೊದಿಕೆಯ ಕೆಳಗೆ. ಎಡಗಡೆಯ ದೀಪ ಒಡೆದಿತ್ತು. ಕೀಲಿ ಅವನ ಶೆಡ್ಡಿನ ಮೊಳೆಯಲ್ಲೇ ನೇತಾಡುತ್ತಿತ್ತು. ಊಟ ಮುಗಿಸಿ ಶಟರ್ ಎಳೆದುಕೊಂಡು ಮಲಗಿದ್ದೆ ಎಂದನಂತೆ. ಕಾರಿಗೆ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದ್ದಕ್ಕೆ ಸ್ಪೀಕರ್ ಎಂದನಂತೆ. ಸ್ಪೀಕರ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಸುಳ್ಳು ಸಿಕ್ಕಿಬಿದ್ದ ಮೇಲೆ ಅವನು ಮೌನವಾಗಿಬಿಟ್ಟಿದ್ದ.

"ಆ ಅಂಚೆಯಣ್ಣ ಇನ್ನೂ ಕಣ್ಣು ಬಿಟ್ಟಿಲ್ಲ," ಎಂದಳು ಹೊಲಿಗೆಯವಳು. "ಸಂಜೆ ಇವರನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಒಳಗೆ ಹೋದ್ರೆ ಹೊರಗೆ ಬರೋದು ಯಾವಾಗಲೋ. ಇವರು ಇರುವೆ ಕಂಡ್ರೂ ದಾಟಿ ಹೋಗೋ ಜನ ಅಮ್ಮ."

ಅತ್ತೆ ಚಪ್ಪಲಿ ಮೆಟ್ಟಿದರು.

ಸ್ಟೇಷನ್ನಿನ ಅಂಗಳದಲ್ಲಿ ಕಾರು ನಿಂತಿತ್ತು. ಅತ್ತೆ ಅದರ ಸುತ್ತ ನಿಧಾನವಾಗಿ ನಡೆದರು. ಮುಂದಿನ ಜಾಲರಿಯ ಸಂದಿಗೆ ಕಣ್ಣಿಟ್ಟು ತುಸು ಹೊತ್ತು ಹಾಗೇ ಬಗ್ಗಿದ್ದರು. ಆಮೇಲೆ ಬಾಗಿಲು ತೆಗೆಸಿ, ಫೋನಿನ ಬೆಳಕು ಹಿಡಿದು ಡ್ಯಾಶ್‌ಬೋರ್ಡಿನ ಅಡಿಯನ್ನು ನೋಡಿದರು. ಹೊರಗೆ ಬರುವಾಗ ಅವರ ಕಣ್ಣು ಡ್ರೈವರ್ ಪಕ್ಕದ ಸೀಟಿನ ಮೇಲೆ ನಿಂತಿತು. ಸೀಟು ಖಾಲಿ. ಆದರೆ ಅದರ ಬೆಲ್ಟ್ ಎಳೆದು ಹಾಕಿತ್ತು.

"ಇದನ್ನ ಯಾರು ಹಾಕಿದ್ದು?"

"ನಮ್ಮವರು ಯಾರೂ ಒಳಗೆ ಕೈ ಹಾಕಿಲ್ಲ ಮೇಡಂ," ಎಂದರು ಇನ್‌ಸ್ಪೆಕ್ಟರ್. "ಹಾಗೇ ಎಳ್ಕೊಂಡು ಬಂದಿದ್ದು."

ಲಾಕಪ್ಪಿನೊಳಗೆ ತಂತಿ ಗೋಡೆಗೆ ಒರಗಿ ಕೂತಿದ್ದ. ಅತ್ತೆ ಸರಳುಗಳ ಈಚೆ ಸ್ಟೂಲ್ ಹಾಕಿಸಿಕೊಂಡರು.

"ಜಾಲರಿ ಹಿಂದೆ ಅಂಗೈಯಷ್ಟು ಕಪ್ಪು ಡಬ್ಬಿ ಇದೆ. ಅದರ ವೈರು ಒಳಗೆ ಬಂದಿದೆ, ಸುತ್ತಿರೋ ಟೇಪ್ ಹೊಸದು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀರಿ, ಅಲ್ವಾ? ಈಗ ಹೇಳಿದ್ದು ನಾನು, ನೀವಲ್ಲ."

ಅವನು ಬಹಳ ಹೊತ್ತು ನೆಲ ನೋಡಿದ. ಆ ಮೌನದಲ್ಲಿ ಭಯಕ್ಕಿಂತ ಲೆಕ್ಕಾಚಾರ ಹೆಚ್ಚಿತ್ತು, ಮಾತು ಮುರಿಯದೆ ಎಷ್ಟು ಹೇಳಬಹುದು ಎಂಬ ಲೆಕ್ಕಾಚಾರ.

"ರೇಡಾರ್ ಡಿಟೆಕ್ಟರ್," ಎಂದ ಕೊನೆಗೆ. "ರಸ್ತೆ ಬದಿ ಪೊಲೀಸರು ಸ್ಪೀಡ್ ಅಳೆಯೋ ಮಷೀನ್ ಇಟ್ಟಿರ್ತಾರಲ್ಲ, ಅದರ ಅಲೆ ಬಿದ್ದ ಕೂಡಲೇ ಕೂಗುತ್ತೆ. ಇದು ಕಾನೂನಿಗೆ ಒಪ್ಪದ ಸಾಮಾನು. ಅದಕ್ಕಿಂತ ಹೆಚ್ಚಾಗಿ, ಮನೆಯವರಿಗೆ ಗೊತ್ತಾಗಬಾರದು ಅಂದಿದ್ರು ಕಾರ್ಖಾನೆ ಅಮ್ಮಾವ್ರು."

"ಮೇಡಂ, ಇದನ್ನ ನಾನು ಕೇಳಿಸ್ಕೊಬೇಕಾ?" ಎಂದರು ಇನ್‌ಸ್ಪೆಕ್ಟರ್.

"ಎರಡು ಕಿವಿ ಇದ್ಯಲ್ಲ, ಕೇಳಿಸ್ಕೊಳ್ಳಿ. ಶಬ್ದ ಎಲ್ಲಿಂದ ಬರುತ್ತೆ ಇವರೇ?"

"ಡ್ಯಾಶ್‌ಬೋರ್ಡ್ ಒಳಗೆ ಅಂಗಿ ಗುಂಡಿಯಷ್ಟು ಸ್ಪೀಕರ್. ದೀಪಗೀಪ ಬೇಡ ಅಂದಿದ್ರು. ಗೊತ್ತಿಲ್ಲದವರಿಗೆ ಕಾರೇ ಕೂಗಿದ ಹಾಗಿರುತ್ತೆ."

"ಪೊಲೀಸರಿಗೆ ಮಾತ್ರ ಕೂಗುತ್ತಾ?"

"ಅದೇ ತಲೆನೋವು. ತಾನಾಗೇ ಸರಿಯೋ ಗಾಜಿನ ಬಾಗಿಲು ಇರ್ತಾವಲ್ಲ, ಅದರೊಳಗೂ ಅಂಥದ್ದೇ ಅಲೆ. ಅದರ ಮುಂದೆ ನಿಂತ್ರೆ ಒಂದೇ ಸಮ ಬಡ್ಕೊಳ್ಳುತ್ತೆ. ಬಾಯಿ ಮುಚ್ಚಿಸೋಕೆ ಸ್ಟಿಯರಿಂಗ್ ಕೆಳಗೆ ಒಂದು ಸ್ವಿಚ್ ಇಟ್ಟಿದ್ದೆ. ನಿನ್ನೆ ಬೆಳಿಗ್ಗೆ ಕೆಲಸ ಮುಗೀತು. ಸಂಜೆ ಅವರು ಬಂದಾಗ ತೋರಿಸಬೇಕಿತ್ತು."

ಯಜಮಾನಿಯ ಮನೆಯ ಹಜಾರದಲ್ಲಿ ನಾಲ್ವರಿದ್ದರು. ಅರವತ್ತು ದಾಟಿದ, ಬೆನ್ನು ನೆಟ್ಟಗಿದ್ದ ಯಜಮಾನಿ. ಅವರ ತಮ್ಮ. ಕಾರ್ಖಾನೆ ನೋಡಿಕೊಳ್ಳುವ ಮಗ. ಮನೆಯ ದೊಡ್ಡ ಕಾರಿನ ಡ್ರೈವರ್. ಕೆಂಪು ಕಾರಿನ ಎರಡನೇ ಕೀಲಿ ಹಜಾರದ ಮೇಜಿನ ಡ್ರಾಯರಿನಲ್ಲಿತ್ತು. ಬೀಗವಿಲ್ಲದ ಡ್ರಾಯರು. ಅಪಘಾತದ ಹೊತ್ತಿಗೆ ಯಜಮಾನಿಯ ತಮ್ಮ ಮಹಡಿಯಲ್ಲಿ ಮಲಗಿದ್ದರಂತೆ, ಡ್ರೈವರ್ ಹಿತ್ತಲಲ್ಲಿ ಕಾರು ತೊಳೆಯುತ್ತಿದ್ದನಂತೆ, ಮಗ ಕೆಲಸದ ಮೇಲೆ ಹೊರಗಿದ್ದನಂತೆ. ನೋಡಿದವರು ಯಾರೂ ಇಲ್ಲ.

"ಕಾರನ್ನ ಶೆಡ್ಡಿಗೆ ಬಿಟ್ಟಿದ್ದು ಯಾಕೆ?" ಎಂದು ಅತ್ತೆ ಎಲ್ಲರನ್ನೂ ಕೇಳಿದರು.

"ಸ್ಪೀಕರ್," ಎಂದರು ಯಜಮಾನಿ, ಕಿಟಕಿಯ ಕಡೆ ನೋಡುತ್ತ.

"ನಮ್ಮಕ್ಕನಿಗೆ ಅರವತ್ತಾದ ಮೇಲೆ ರೆಕ್ಕೆ ಹುಟ್ಟಿದೆ," ಎಂದರು ತಮ್ಮ. "ಕಾರಿಗೂ ಒಂದು ಜೊತೆ ಹಾಕಿಸ್ತಿದ್ದಳೇನೋ."

"ನನಗೆ ಆ ಕಾರು ಒರೆಸೋಕೂ ಬಿಡಲ್ಲ ಮೇಡಂ, ನನಗೇನು ಗೊತ್ತು," ಎಂದ ಡ್ರೈವರ್.

ಮಗ ಹಣೆ ಒತ್ತಿಕೊಂಡ. "ಅದು ಸುಮ್ಮಸುಮ್ಮನೆ ಕೂಗುತ್ತಲ್ಲ, ರಿಪೇರಿಗೆ ಬಿಟ್ಟಿರಬೇಕು. ಅಮ್ಮನ ಸ್ಪೀಡಿಗೆ ಕಾರೇ ಹೆದರಿ ಕೂಗ್ಬೇಕು. ಮಾರಿಬಿಡು ಅಂತ ಎಷ್ಟು ಬಡ್ಕೊಂಡೆ."

ಹಿಂತಿರುಗುವಾಗ ಅತ್ತೆ ಸೂಪರ್ ಮಾರ್ಕೆಟ್ ಎದುರು ಕಾರು ನಿಲ್ಲಿಸಲು ಹೇಳಿದರು. ರಸ್ತೆಯಲ್ಲಿ ಇನ್ನೂ ಗಾಜಿನ ಚೂರುಗಳಿದ್ದವು. ಒಬ್ಬ ಅಜ್ಜಿ ಚೀಲ ಹಿಡಿದು ಹೊರಬಂದಳು. ಯಾರೂ ಮುಟ್ಟದೆಯೇ ಅಂಗಡಿಯ ಗಾಜಿನ ಬಾಗಿಲು ಸರಿದು ದಾರಿ ಬಿಟ್ಟಿತು. ಅದು ಮತ್ತೆ ಮುಚ್ಚುವವರೆಗೂ ಅತ್ತೆ ನೋಡುತ್ತಿದ್ದರು.

ಕೋರ್ಟಿಗೆ ಹೊರಡುವ ಹೊತ್ತಿಗಿಂತ ಮೊದಲೇ ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಎಲ್ಲರೂ ಸೇರಿದರು. ತಂತಿಯನ್ನು ಕರೆತಂದು ಮೂಲೆಯಲ್ಲಿ ನಿಲ್ಲಿಸಿದರು. ಅವನ ಹೆಂಡತಿ ಬಾಗಿಲ ಬಳಿ ನಿಂತಳು.

"ಖಾಲಿ ಸೀಟಿಗೆ ಯಾರೂ ಬೆಲ್ಟ್ ಹಾಕಲ್ಲ," ಎಂದು ಅತ್ತೆ ಶುರು ಮಾಡಿದರು. "ಹಾಕೋದು ಒಂದೇ ಕಾರಣಕ್ಕೆ. ಕಾರು ಕೂಗ್ತಾ ಇರುತ್ತೆ, ಯಾಕೆ ಅಂತ ಗೊತ್ತಾಗಲ್ಲ, ಬೆಲ್ಟ್ ಹಾಕಿಲ್ಲ ಅಂತಿರಬೇಕು ಅಂದ್ಕೊಂಡು ಎಳೆದು ಹಾಕ್ತೀವಿ. ಇಲ್ಲಿ ಕೂಗಿದ್ದು ಡ್ಯಾಶ್‌ಬೋರ್ಡ್ ಒಳಗೆ ಬಚ್ಚಿಟ್ಟಿರೋ ರೇಡಾರ್ ಡಿಟೆಕ್ಟರ್."

ಯಜಮಾನಿಯ ತಮ್ಮ ಅಕ್ಕನ ಕಡೆ ತಿರುಗಿದರು.

"ಅದನ್ನ ಹಾಕಿದವರು ಮೂಲೆಯಲ್ಲಿ ನಿಂತಿರೋ ಇವರು. ಶಬ್ದ ಯಾವುದು, ಸ್ವಿಚ್ ಎಲ್ಲಿ, ಇವರಿಗೆ ಗೊತ್ತು. ಇವರೇ ಓಡಿಸಿದ್ರೆ ಬೆಲ್ಟಿಗೆ ಕೈ ಹಾಕ್ತಿರಲಿಲ್ಲ. ಹಾಕಿಸಿದವರಿಗೂ ಗೊತ್ತು. ಅಂದ್ರೆ ಓಡಿಸಿದವರು ಗೊತ್ತಿಲ್ಲದವರು. ಎರಡನೇ ಕೀಲಿ ತಗೊಂಡು, ಹೊದಿಕೆ ತೆಗೆದು ಕಾರು ಒಯ್ದರು. ಸೂಪರ್ ಮಾರ್ಕೆಟ್ ಬಾಗಿಲ ಮುಂದೆ ನಿಂತರು. ಜನ ಬಂದು ಹೋದ ಹಾಗೆಲ್ಲ ಬಾಗಿಲು ಸರೀತು, ಕಾರು ಬಡ್ಕೊಳ್ತು. ಬೆಲ್ಟ್ ಹಾಕಿದ್ರೂ ನಿಲ್ಲಲಿಲ್ಲ. ಶಬ್ದ ಎಲ್ಲಿಂದ ಅಂತ ತಲೆ ಬಗ್ಗಿಸಿಕೊಂಡೇ ಹೊರಟರು. ಎದುರಿಗೆ ಸೈಕಲ್ ಬಂದದ್ದು ಕಾಣಲಿಲ್ಲ. ಗುದ್ದಿದ ಮೇಲೆ ಕಾರನ್ನ ಮತ್ತೆ ಶೆಡ್ಡಿನ ಮುಂದೆ ಬಿಟ್ಟು ಹೊದಿಕೆ ಎಳೆದರು."

"ಯಾರು?" ಎಂದರು ಇನ್‌ಸ್ಪೆಕ್ಟರ್.

"ಆ ಡಬ್ಬಿ ಕೂತಿದ್ದೇ ನಿನ್ನೆ ಬೆಳಿಗ್ಗೆ. ಇವತ್ತು ಮನೆಯಲ್ಲಿ ನಾಲ್ವರನ್ನ ಕೇಳಿದೆ. ಕಾರು ಸುಮ್ಮಸುಮ್ಮನೆ ಕೂಗುತ್ತೆ ಅಂದವರು ಒಬ್ಬರೇ."

ಮಗ ನಕ್ಕ. ಆ ನಗು ತುಟಿಯಿಂದ ಮೇಲಕ್ಕೆ ಹತ್ತಲಿಲ್ಲ. "ಅದು ಹಳೇ ತೊಂದರೆ ಮೇಡಂ. ತಿಂಗಳುಗಟ್ಟಲೆಯಿಂದ ಇದೆ. ಅಮ್ಮನ ಪಕ್ಕ ಕೂತಾಗ ಎಷ್ಟು ಸಲ ಕೇಳಿದೀನಿ."

"ಇರಬಹುದು. ಆ ಕಾರು ಓಡಿಸ್ತಿದ್ದವರು ಒಬ್ಬರೇ. ಅವರೇ ಹೇಳಲಿ," ಎಂದು ಅತ್ತೆ ಯಜಮಾನಿಯ ಕಡೆ ತಿರುಗಿದರು. "ಡಬ್ಬಿ ಹಾಕಿಸೋಕೆ ಮುಂಚೆ ಕಾರು ಹಾಗೆ ಕೂಗಿದ್ದುಂಟಾ ಅಮ್ಮಾ?"

ನಾನು ಎಷ್ಟೋ ಮೌನಗಳನ್ನು ಗಮನಿಸಿದ್ದೇನೆ. ಅಂಥದ್ದನ್ನು ಮತ್ತೆ ಕಂಡಿಲ್ಲ. ಉಂಟು ಎಂದರೆ ಮಗ ಉಳಿಯುತ್ತಿದ್ದ, ಮೂಲೆಯಲ್ಲಿ ನಿಂತವನು ಒಳಗೆ ಹೋಗುತ್ತಿದ್ದ. ಯಜಮಾನಿ ಮಗನ ಮುಖ ನೋಡಿದರು, ಅವನು ಮಗುವಾಗಿದ್ದಾಗ ಜ್ವರ ಇದೆಯೇ ಎಂದು ನೋಡುತ್ತಿದ್ದ ಹಾಗೆ. ಆಮೇಲೆ ಮೂಲೆಯ ಕಡೆ ನೋಡಿದರು. ತಂತಿ ತಲೆ ಎತ್ತಲಿಲ್ಲ. ಆಗಲೂ ಅವನು ಅವರನ್ನು ಏನನ್ನೂ ಕೇಳಲಿಲ್ಲ.

"ಇಲ್ಲ," ಎಂದರು ಯಜಮಾನಿ. "ಒಂದು ಸಲವೂ ಕೂಗಿಲ್ಲ."

"ಅಮ್ಮ..."

"ನೀನು ಅಲ್ಲಿಗೆ ಯಾಕೆ ಹೋಗಿದ್ದೆ?"

ಮಗ ಕುರ್ಚಿಯ ಅಂಚಿಗೆ ಕುಸಿದ. "ಕೊಳ್ಳೋರು ಒಬ್ಬರು ಸಿಕ್ಕಿದ್ರು. ಕಾರು ತೋರಿಸೋಕೆ ಕಾಯ್ತಾ ಇದ್ದೆ. ಅವರು ಬರಲೇ ಇಲ್ಲ. ನೀನು ಎಲ್ಲೋ ಗುದ್ದಿ ಸಾಯ್ತೀಯ ಅಂತ ಭಯ ಕಣಮ್ಮ ನನಗೆ. ರಾತ್ರಿ ನಿದ್ದೆ ಬರ್ತಿರಲಿಲ್ಲ. ನಿನ್ನೆಯೇ ಹೇಳಿಬಿಡೋಣ ಅಂದ್ಕೊಂಡೆ. ಆಮೇಲೆ ಇವನನ್ನ ಹಿಡಿದ್ರು ಅಂತ ಗೊತ್ತಾಯ್ತು, ಹೇಳೋದು ಇನ್ನೂ ಕಷ್ಟ ಆಯ್ತು."

"ನಿನಗೆ ಹೆದರಿ ಅದನ್ನ ಬಚ್ಚಿಟ್ಟೆ," ಎಂದರು ತಾಯಿ. ಅವರ ದನಿಯಲ್ಲಿ ಅಳು ಇರಲಿಲ್ಲ. "ಇನ್‌ಸ್ಪೆಕ್ಟರೇ, ಆ ಡಬ್ಬಿ ಹಾಕಿಸಿದ್ದು ನಾನು ಅಂತಾನೂ ಬರ್ಕೊಳ್ಳಿ."

ತಂತಿಯನ್ನು ಬಿಟ್ಟರು. ಡಬ್ಬಿಯ ವಿಚಾರಕ್ಕೆ ಅವನು ಮತ್ತೆ ಬಂದು ಉತ್ತರ ಕೊಡಬೇಕಿತ್ತು, ಆದರೆ ಅಂದು ಮನೆಗೆ ಹೋಗಬಹುದಿತ್ತು. ಯಜಮಾನಿ ಬಾಗಿಲಲ್ಲಿ ಅವನನ್ನು ತಡೆದರು.

"ನನಗೆ ಕೊಟ್ಟ ಮಾತು ಉಳಿಸಿದೆಯಪ್ಪ. ಉಳಿಸಬಾರದಿತ್ತು."

ಅವನು ತಲೆಯಾಡಿಸಿದ, ಅಷ್ಟೇ. ಹೊರಗೆ ಮೆಟ್ಟಿಲ ಮೇಲೆ ಹೊಲಿಗೆಯವಳು ಅವನ ಅಂಗಿಯ ಕಾಲರ್ ಸರಿಮಾಡಿದಳು. ಆಮೇಲೆ ಅದೇ ಕೈಯಿಂದ ಅವನ ಎದೆಗೆ ಒಂದು ಗುದ್ದು ಕೊಟ್ಟಳು.

"ಊರವರಿಗೆಲ್ಲ ಮಾತು ಕೊಡ್ತೀರಿ. ನಾನು ಇಡೀ ರಾತ್ರಿ ಯಾರನ್ನ ಕೇಳ್ಬೇಕಿತ್ತು? ಗೋಡೆನಾ?"

"ತಪ್ಪಾಯ್ತು," ಎಂದ ತಂತಿ. ಸ್ವಲ್ಪ ತಡೆದು, ಅವಳು ಕೇಳದೆಯೇ, ಮೊದಲಿನಿಂದ ಹೇಳತೊಡಗಿದ. ಗೇಟು ದಾಟುವವರೆಗೂ ಅವನ ದನಿ ನಮಗೆ ಕೇಳಿಸುತ್ತಿತ್ತು.